ನೀನು ತಿಂದಷ್ಟೇ ನಾನೂ

ಮಲ್ಸುನ್ ಮೊಕ್ಪೊ ಬಂದರಿನ ಮಾರುಕಟ್ಟೆಯಲ್ಲಿ ಅನ್ನಕ್ಕೆ ನೆಂಚಿಕೊಳ್ಳುವ ಪದಾರ್ಥಗಳನ್ನು ಮಾಡಿ ಮಾರುತ್ತಿದ್ದಳು. ಸೋಯಾ ರಸದಲ್ಲಿ ಬೇಯಿಸಿದ ತಾವರೆ ಗೆಡ್ಡೆ, ಸಿಹಿ ಪಾಕ ಹಿಡಿಸಿ ಹುರಿದ ಪುಟ್ಟ ಒಣಮೀನು, ಎಳ್ಳೆಣ್ಣೆ ಸವರಿದ ಸೊಪ್ಪು, ತರಕಾರಿಗೆ ಖಾರ ಹಚ್ಚಿ ಹುಳಿ ಬರಿಸಿದ ಬಗೆಬಗೆಯ ಕಿಮ್ಚಿ. ಗಂಡ ಮೀನುದೋಣಿಯಲ್ಲಿ ಹೋದವನು ಮರಳಿ ಬಂದಿರಲಿಲ್ಲ. ಮಗಳು ದಾನ್ಬಿ ಆ ಪಾತ್ರೆಗಳ ಸಂದಿಯಲ್ಲೇ ತೆವಳಿ, ಅಲ್ಲೇ ನಿಂತು, ಅಲ್ಲೇ ಬೆಳೆದಳು. ಅಳುವ ಮಗುವಿನ ಬಾಯಿಗೆ ಮಲ್ಸುನ್ ಕೈಗೆ ಸಿಕ್ಕಿದ್ದನ್ನು ಇಡುತ್ತಿದ್ದಳು. ನಗುವ ಮಗುವಿನ ಬಾಯಿಗೂ ಅಷ್ಟೇ. ಮುದ್ದು ಮಾಡಲು ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಮಗಳು ದುಂಡಗಾದಳು. ಮಾರುಕಟ್ಟೆಯ ಹೆಂಗಸರು ಕೆನ್ನೆ ಹಿಂಡಿ, "ನಿಮ್ಮಂಗಡಿ ಬೋರ್ಡೇ ಬೇಡ ಕಣೆ ಮಲ್ಸುನ್, ಇವಳನ್ನ ಮುಂದೆ ನಿಲ್ಲಿಸಿದ್ರೆ ಸಾಕು" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ದಾನ್ಬಿಗೂ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಶಾಲೆಯಿಂದ ಜೆಜು ದ್ವೀಪಕ್ಕೆ ಪ್ರವಾಸ ಹೋದಾಗ ಅವಳು ಮೊದಲ ಸಲ ವಿಮಾನ ಹತ್ತಿದಳು. ಅರ್ಧ ದಾರಿಯಲ್ಲೇ ವಾಂತಿ ಮಾಡಿಕೊಂಡಳು. ಗೆಳತಿಯರು ಮೂಗು ಮುಚ್ಚಿಕೊಂಡು ದೂರ ಸರಿದರು. ಕೊರಳಿಗೆ ನೀಲಿ ವಸ್ತ್ರ ಕಟ್ಟಿದ್ದ ಗಗನಸಖಿಯೊಬ್ಬಳು ಮಾತ್ರ ಅವಳ ಪಕ್ಕ ಮಂಡಿಯೂರಿ ಕೂತು, ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಏನೂ ಆಗಿಲ್ಲವೆಂಬಂತೆ ನಕ್ಕಳು. ಆ ನಗುವನ್ನು ದಾನ್ಬಿ ಮರೆಯಲಿಲ್ಲ. ತಾನೂ ಹಾಗೆಯೇ ಆಗಬೇಕೆಂದು ಅಂದೇ ನಿಶ್ಚಯಿಸಿಕೊಂಡಳು. ಹೈಸ್ಕೂಲು ಮುಗಿದ ಮೇಲೆ ಗ್ವಾಂಗ್ಜುವಿನ ಕಾಲೇಜೊಂದರಲ್ಲಿ ಗಗನಸಖಿಯರ ತರಬೇತಿಯ ವಿಭಾಗ ಸೇರಿದಳು.

ಮೊದಲ ವರ್ಷ ಅವಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಬೆಳಗ್ಗೆ ತರಗತಿ, ಮಧ್ಯಾಹ್ನ ನಡಿಗೆ, ನಮಸ್ಕಾರ, ನಗೆಯ ಅಭ್ಯಾಸ, ಸಂಜೆ ಕಾಫಿ ಅಂಗಡಿಯಲ್ಲಿ ಕೆಲಸ. ಊಟಕ್ಕೆ ಹೊತ್ತು ಗೊತ್ತು ಎಂಬುದಿರಲಿಲ್ಲ. ಬಿಸಿನೀರು ಹುಯ್ದ ರಾಮ್ಯೊನ್ ಶಾವಿಗೆ, ಅಂಗಡಿಯಲ್ಲಿ ಉಳಿದ ಕೇಕಿನ ತುಂಡು, ಬಸ್ಸಿನಲ್ಲಿ ನಿಂತುಕೊಂಡೇ ಮುಗಿಸುವ ಅನ್ನದ ಮುದ್ದೆ, ಇಷ್ಟರಲ್ಲೇ ವರ್ಷ ಕಳೆಯಿತು. ಎರಡನೆಯ ವರ್ಷದ ಮೊದಲ ದಿನ ಸಮವಸ್ತ್ರದ ಲಂಗದ ಜಿಪ್ಪು ಅರ್ಧಕ್ಕೇ ನಿಂತಿತು. ತರಬೇತಿ ಕೊಡುವ ಮೇಡಂ ಬಯ್ಯಲಿಲ್ಲ. ಎಲ್ಲರ ಎದುರು ಅವಳ ಸೊಂಟದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಬಟ್ಟೆ ಬದಲಾಯಿಸೋಕಾಗಲ್ಲ ದಾನ್ಬಿ, ಮೈನೇ ಬದಲಾಯಿಸ್ಬೇಕು" ಎಂದು ಮೆಲ್ಲಗೆ ಹೇಳಿ ಮುಂದಕ್ಕೆ ಹೋದರು.

ಕೋಣೆಯಲ್ಲಿ ಅವಳ ಜೊತೆಗಿದ್ದ ಸುರ್ಯೊನ್ ಅದೇ ಕಾಲೇಜಿನಲ್ಲಿ ಆಹಾರ ಮತ್ತು ಪೋಷಣೆ ಓದುತ್ತಿದ್ದಳು. ಗಟ್ಟಿ ಗಂಟಲಿನ, ಮುಚ್ಚುಮರೆಯಿಲ್ಲದ ಹುಡುಗಿ. ದಾನ್ಬಿ ಊಟ ಬಿಟ್ಟು ಮುಸುಕು ಹೊದ್ದು ಮಲಗಿದ್ದನ್ನು ಕಂಡು ಹೊದಿಕೆ ಎಳೆದಳು.

"ಉಪವಾಸ ಮಲಗಿದ್ರೆ ತೆಳ್ಳಗಾಗಲ್ಲ ಕಣೇ, ತಲೆ ಕೆಡುತ್ತೆ ಅಷ್ಟೇ. ಏಳು. ಸರಿಯಾಗಿ ತಿಂದು ಸಣ್ಣ ಆಗೋಣ. ನಾನಿದೀನಿ."

ಆ ವಸಂತದ ತಿಂಗಳುಗಳು ದಾನ್ಬಿಯ ಪಾಲಿಗೆ ಸುಖದ ದಿನಗಳು. ಭಾನುವಾರ ಇಬ್ಬರೂ ಸೇರಿ ಬಾರ್ಲಿ ಬೆರೆಸಿದ ಕೆಂಪಕ್ಕಿ ಅನ್ನ ಮಾಡಿ, ಡಬ್ಬಿಗಳಿಗೆ ತುಂಬಿ, ವಾರಕ್ಕಾಗುವಷ್ಟು ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಮೊಳಕೆಕಾಳು, ತೋಫು, ಸುಟ್ಟ ಬಂಗಡೆ, ಬೇಯಿಸಿದ ಮೊಟ್ಟೆ. ಎರಡು ತರಗತಿಗಳ ನಡುವೆ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಕಾಫಿ ಅಂಗಡಿಗೆ ಹೋಗುವ ಮುಂಚೆ ಒಂದು ಹಣ್ಣು ತಿಂದಿರಬೇಕೆಂದು ಸುರ್ಯೊನಳ ಕಟ್ಟಪ್ಪಣೆ. ಹಸಿದು ಹೋದರೆ ಕೇಕಿನ ಮೇಲೆ ಕಣ್ಣು ಬೀಳುತ್ತದೆ ಎಂಬುದು ಅವಳ ಲೆಕ್ಕಾಚಾರ. ಮೈ ನಿಧಾನವಾಗಿ ಮಾತು ಕೇಳತೊಡಗಿತು. ಜಿಪ್ಪು ಮೇಲೇರಿತು. ವಿಷಯ ತಿಳಿದ ಮಲ್ಸುನ್‌ಗೆ ಹಿಗ್ಗೋ ಹಿಗ್ಗು. ಉಪ್ಪು, ಸಕ್ಕರೆ ತಗ್ಗಿಸಿ ಮಾಡಿದ ಪದಾರ್ಥಗಳನ್ನು ಮೊಕ್ಪೊದಿಂದ ಬಸ್ಸಿಗೆ ಹಾಕಿ ಕಳಿಸತೊಡಗಿದಳು. ತನಗೂ ಸಕ್ಕರೆ ಕಾಯಿಲೆ ಇದ್ದುದರಿಂದ, ತಾಯಿ ಮಗಳು ಇಬ್ಬರಿಗೂ ಒಂದೇ ಅಡುಗೆ ಆಯಿತಲ್ಲ ಎಂದು ಫೋನಿನಲ್ಲಿ ನಗುತ್ತಿದ್ದಳು.

ಕೆಟ್ಟದ್ದು ಎಲ್ಲಿಂದ ಶುರುವಾಯಿತೆಂದು ಆಮೇಲೆ ಎಷ್ಟು ಯೋಚಿಸಿದರೂ ದಾನ್ಬಿಗೆ ತುದಿ ಸಿಗಲಿಲ್ಲ. ಬೇಸಿಗೆ ರಜೆಗೆ ಮುಂಚೆ ಅಣಕು ಸಂದರ್ಶನ ನಡೆದಿತ್ತು. ಗೋಡೆಯುದ್ದದ ಕನ್ನಡಿಯ ಮುಂದೆ ಸಾಲಾಗಿ ನಿಲ್ಲಿಸಿ ಮೇಡಂ ಒಬ್ಬೊಬ್ಬರ ಬಗ್ಗೆ ಒಂದೊಂದು ಮಾತು ಹೇಳಿದರು. ದಾನ್ಬಿಯ ಸರದಿ ಬಂದಾಗ, ನಗು ಚೆನ್ನಾಗಿದೆ, ಧ್ವನಿ ಚೆನ್ನಾಗಿದೆ, ಇನ್ನೂ ಸ್ವಲ್ಪ ತೂಕ ಇಳಿದರೆ ಮುಖ ಕಾಣುತ್ತದೆ ಎಂದರು. ಇಷ್ಟು ದಿನದ ಶ್ರಮದ ಮೇಲೂ ತನ್ನ ಮುಖ ಇನ್ನೂ ಕಾಣುತ್ತಿಲ್ಲ ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಅದೇ ವಾರ ಪರೀಕ್ಷೆ ಬಂತು, ಕಾಫಿ ಅಂಗಡಿಯಲ್ಲಿ ಕೆಲಸದ ಹುಡುಗಿಯೊಬ್ಬಳು ಬಿಟ್ಟುಹೋಗಿ ಅವಳ ಪಾಳಿಯೂ ಇವಳ ಹೆಗಲಿಗೆ ಬಿತ್ತು. ಭಾನುವಾರದ ಅಡುಗೆ ತಪ್ಪಿತು. ಮಧ್ಯಾಹ್ನದ ಊಟ ಬಿಟ್ಟಳು. ಹೊತ್ತಿಲ್ಲದ್ದಕ್ಕೆ ಬಿಟ್ಟದ್ದು, ಅಷ್ಟೇ. ಆದರೆ ವಾರದ ಕೊನೆಗೆ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಸರಕ್ಕನೆ ಹಿಂದಕ್ಕೆ ಸರಿದಿತ್ತು. ವಸಂತವಿಡೀ ಬೆವರು ಹರಿಸಿ ಪಡೆದದ್ದಕ್ಕಿಂತ ಒಂದು ವಾರದ ಹಸಿವು ಹೆಚ್ಚು ಕೊಟ್ಟಿತ್ತು.

ಮತ್ತೆ ಮಧ್ಯಾಹ್ನದ ಊಟಕ್ಕೆ ಅವಳು ಮರಳಲಿಲ್ಲ. ಅನ್ನ ಹೋಯಿತು, ಮೀನು ಹೋಯಿತು, ಕೊನೆಗೆ ಒಂದು ಗೆಣಸು, ಒಂದು ಮೊಟ್ಟೆ ಉಳಿದವು. ಮೈ ಕರಗಿದಂತೆಲ್ಲ ಸುತ್ತಲಿನವರ ಕಣ್ಣು ಅರಳಿತು. ವಿಮಾನ ಕಂಪನಿ ಸೇರಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಬಂದವಳು, ಏನು ಮಾಡಿದೆ ಹೇಳೇ, ನಮಗೂ ಹೇಳಿಕೊಡು ಎಂದು ಗಂಟುಬಿದ್ದಳು. "ಏನಿಲ್ಲ ಅಕ್ಕ, ಆರೋಗ್ಯವಾಗಿ ತಿಂತೀನಿ, ಅಷ್ಟೇ" ಎಂದಳು ದಾನ್ಬಿ. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಲಿಲ್ಲ. ಹಸಿವೇ ಆರೋಗ್ಯವೆಂದು ಅಷ್ಟುಹೊತ್ತಿಗೆ ಅವಳ ಮನಸ್ಸು ನಂಬಿಬಿಟ್ಟಿತ್ತು. ಹೊಟ್ಟೆ ಚುರುಗುಟ್ಟಿದಾಗ ಒಳಗೇನೋ ಕೊಳೆ ತೊಳೆದುಹೋಗುತ್ತಿದೆ ಎಂಬ ನೆಮ್ಮದಿ; ಹೊಟ್ಟೆ ತುಂಬಿದರೆ ಕಳ್ಳತನ ಮಾಡಿ ಸಿಕ್ಕಿಬಿದ್ದಂಥ ನಾಚಿಕೆ.

ಸುಗ್ಗಿಯ ಚುಸಕ್ ಹಬ್ಬಕ್ಕೆ ಊರಿಗೆ ಹೋದಾಗ ಮಲ್ಸುನ್ ಬಸ್ ನಿಲ್ದಾಣದಲ್ಲಿ ಮಗಳನ್ನು ದಾಟಿಕೊಂಡೇ ಮುಂದೆ ಹೋದಳು. ಹಿಂದಿನಿಂದ "ಅಮ್ಮಾ" ಎಂದಾಗ ತಿರುಗಿ ನೋಡಿ, ಕೈಲಿದ್ದ ಚೀಲ ಕೆಳಗಿಟ್ಟಳು. ಮಗಳ ತೋಳನ್ನು ಅಂಗಿಯ ಮೇಲಿಂದಲೇ ಸವರುತ್ತ ದಾರಿಯುದ್ದಕ್ಕೂ ಹಿಡಿದುಕೊಂಡೇ ನಡೆದಳು. ಮನೆಯಲ್ಲಿ ಎಳ್ಳಿನ ಹೂರಣ ತುಂಬಿದ ಅಕ್ಕಿ ಕಡುಬು, ಗೋಮಾಂಸದ ಸಾರು, ಹೊಸ ಅಕ್ಕಿಯ ಅನ್ನ ಕಾದಿದ್ದವು. ದಾನ್ಬಿ ಒಂದು ಕಡುಬನ್ನು ಮುರಿದು, ಮುರಿದದ್ದನ್ನು ಮತ್ತೆ ಮುರಿದು, ತಟ್ಟೆಯಂಚಿಗೆ ಸರಿಸುತ್ತ ಕೂತಳು. ಮಲ್ಸುನ್ ನೋಡುವಷ್ಟು ನೋಡಿ ತನ್ನ ಚಮಚವನ್ನೂ ಕೆಳಗಿಟ್ಟಳು.

"ಹಾಗಾದ್ರೆ ನನಗೂ ಬೇಡ."

"ಅಮ್ಮ, ನೀನು ಸೂಜಿ ತಗೊಂಡಿದೀಯ, ತಿನ್ಲೇಬೇಕು."

"ನೀನು ತಿಂದಷ್ಟೇ ನಾನೂ ತಿಂತೀನಿ. ಒಂದು ತುತ್ತು ಜಾಸ್ತಿ ತಿನ್ನು, ನಾನೂ ಒಂದು ತುತ್ತು ಜಾಸ್ತಿ. ಇಲ್ಲಾಂದ್ರೆ ಬೇಡ. ಲೆಕ್ಕ ಸರಿಯಿದೆ ತಾನೇ?"

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಹಾಕದಿದ್ದರೆ ಸಕ್ಕರೆ ತೀರ ಇಳಿದು ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ದಾನ್ಬಿ ಕಣ್ಣಲ್ಲಿ ನೀರು ತುಂಬಿಕೊಂಡು ಅನ್ನ ತಿಂದಳು. ತಾಯಿಯೂ ತಿಂದಳು. ಹಠದಲ್ಲಿ ಗೆದ್ದ ಸಂತೋಷ ಮಲ್ಸುನಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ತಿಂದದ್ದನ್ನು ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹೊರಹಾಕಿದ್ದು ಅವಳಿಗೆ ತಿಳಿಯಲಿಲ್ಲ.

ಗ್ವಾಂಗ್ಜುಗೆ ಮರಳಿದ ಮೇಲೆ ದಿನವೂ ಫೋನು ಬರುತ್ತಿತ್ತು. ಇವತ್ತೇನು ತಿಂದೆ? ದಾನ್ಬಿ ಸುರ್ಯೊನಳ ತಟ್ಟೆಯನ್ನು ನೋಡಿಕೊಂಡು, ಅನ್ನ, ಸೊಪ್ಪು, ಮೀನು ಎಂದು ಒಪ್ಪಿಸುತ್ತಿದ್ದಳು. ತಾನು ಹೇಳಿದಷ್ಟನ್ನು ಅಮ್ಮ ಅಲ್ಲಿ ತಿನ್ನುತ್ತಾಳೆ. ಹೀಗೆ ಸುಳ್ಳಿನಿಂದಲೇ ಅಮ್ಮನ ಹೊಟ್ಟೆ ತುಂಬಿಸುತ್ತಿದ್ದೇನೆ ಎಂದುಕೊಂಡು ಸಮಾಧಾನ ಮಾಡಿಕೊಂಡಳು. ಸುರ್ಯೊನಳಿಗೆ ಇದನ್ನು ನೋಡಲಾಗಲಿಲ್ಲ. ಮೊದಲು ಬೇಡಿದಳು, ಆಮೇಲೆ ಬಯ್ದಳು, ಆಸ್ಪತ್ರೆಗೆ ಹೋಗೋಣ ಬಾ ಎಂದು ಕೈ ಹಿಡಿದು ಎಳೆದಳು. ವಿಮಾನ ಕಂಪನಿಯ ಸಂದರ್ಶನ ಹತ್ತಿರವಿದೆ, ಹೊಟ್ಟೆಕಿಚ್ಚಿಗೆ ಹೀಗಾಡುತ್ತೀಯ ಎಂದು ದಾನ್ಬಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. ಮರುದಿನ ಸುರ್ಯೊನ್ ಮೊಕ್ಪೊಗೆ ಫೋನು ಮಾಡಿದಳು.

ಅಂಗಡಿಗೆ ಎಂದೂ ರಜೆ ಹಾಕದ ಮಲ್ಸುನ್ ಬಾಗಿಲೆಳೆದು ಬಸ್ಸು ಹತ್ತಿದಳು. ದಾನ್ಬಿ ಅಭ್ಯಾಸ ಮುಗಿಸಿ ಕೋಣೆಗೆ ಬಂದಾಗ ತಾಯಿ ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತಿದ್ದಳು. ಸುತ್ತ ತಿಂಗಳುಗಟ್ಟಲೆ ಅವಳೇ ಕಳಿಸಿದ್ದ ಡಬ್ಬಿಗಳು. ತಾವರೆ ಗೆಡ್ಡೆಗೆ ಬೂಷ್ಟು ಹಿಡಿದಿತ್ತು. ಸೊಪ್ಪು ಕರಗಿ ಕಪ್ಪು ನೀರಾಗಿತ್ತು. ಕೆಲವು ಡಬ್ಬಿಗಳ ಮುಚ್ಚಳವನ್ನೂ ಯಾರೂ ತೆಗೆದಿರಲಿಲ್ಲ. ಮಲ್ಸುನ್ ಒಂದೊಂದನ್ನೇ ಖಾಲಿ ಮಾಡಿ, ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡಳು. ಮಗಳು ಬಾಗಿಲಲ್ಲೇ ನಿಂತಿದ್ದಳು.

"ನನ್ನ ಕೈಯಡುಗೆ ವಿಷ ಆಯ್ತಾ ನಿನಗೆ?" ಮಲ್ಸುನ್ ತಲೆಯೆತ್ತದೆ ಕೇಳಿದಳು.

"ಇಂಟರ್‌ವ್ಯೂ ಒಂದು ಮುಗೀಲಿ ಅಮ್ಮ. ಆಮೇಲೆ ತಿಂತೀನಿ. ನಿನ್ನಾಣೆ."

"ಸರಿ. ನಾನೂ ಆಮೇಲೇ ತಿಂತೀನಿ."

ಕೋಪದಲ್ಲಿ ಆಡಿದ ಮಾತು ಎಂದುಕೊಂಡಳು ದಾನ್ಬಿ. ಬಸ್ ನಿಲ್ದಾಣದವರೆಗೆ ಬರುತ್ತೇನೆಂದರೆ ತಾಯಿ ಬೇಡವೆಂದಳು. ಮೆಟ್ಟಿಲಿಳಿಯುವಾಗ ಖಾಲಿ ಡಬ್ಬಿಗಳು ಚೀಲದಲ್ಲಿ ಒಂದಕ್ಕೊಂದು ತಾಕುವ ಸದ್ದು ಕೆಳಗಿನವರೆಗೂ ಕೇಳಿಸಿತು. ಆ ದಿನದಿಂದ ಏನು ತಿಂದೆಯೆಂದು ಕೇಳುವ ಫೋನು ಬರಲಿಲ್ಲ. ತಾನಾಗಿ ಮಾಡಬೇಕೆಂದು ದಾನ್ಬಿಗೆ ಅನ್ನಿಸುತ್ತಿತ್ತು. ಮಾಡಿದರೆ ಸುಳ್ಳು ಹೇಳಬೇಕು, ಅಥವಾ ನಿಜ ಹೇಳಬೇಕು. ಎರಡಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಸಂದರ್ಶನ ಮುಗಿಯಲಿ ಎಂದುಕೊಂಡಳು.

ಸಂದರ್ಶನವಿದ್ದದ್ದು ರಾಜಧಾನಿ ಸಿಯೋಲ್‌ನಲ್ಲಿ. ಬೆಳಗಿನ ರೈಲಿಗೆ ಹೋಗಿ, ನಿಲ್ದಾಣದ ಶೌಚಾಲಯದಲ್ಲಿ ಕೂದಲು ಬಿಗಿದು ಕಟ್ಟಿಕೊಂಡಳು. ಕೈಗೆ ಬಂದ ಕೂದಲನ್ನು ಕಾಗದದಲ್ಲಿ ಸುತ್ತಿ ಬಿಸಾಡಿದಳು. ನೀಲಿಗಟ್ಟಿದ್ದು ಕಾಣದಿರಲೆಂದು ಉಗುರಿಗೆ ಬಣ್ಣ ಹಚ್ಚಿದಳು. ಕಂಪನಿಯ ಪಡಸಾಲೆಯಲ್ಲಿ ಎಲ್ಲರೂ ಫೋನು ಆಫ್ ಮಾಡಬೇಕೆಂದರು, ಮಾಡಿದಳು. ಒಳಗೆ ಅವಳ ನಗು ತಪ್ಪಲಿಲ್ಲ, ಧ್ವನಿ ನಡುಗಲಿಲ್ಲ. ಜೆಜುವಿನ ವಿಮಾನದ ಕಥೆ ಹೇಳಿದಾಗ ಎದುರಿಗೆ ಕೂತವರಲ್ಲಿ ಒಬ್ಬಾಕೆ ಪೆನ್ನು ಕೆಳಗಿಟ್ಟು ಕಿವಿಗೊಟ್ಟಳು. ಹೊರಗೆ ಬರುವಾಗ ಕಾಲು ನೆಲ ಮುಟ್ಟುತ್ತಿಲ್ಲವೆಂಬಂಥ ಹಗುರ. ಅಮ್ಮನಿಗೆ ಹೇಳಬೇಕೆಂದು ಫೋನು ಆನ್ ಮಾಡಿದಳು. ಪರದೆಯ ತುಂಬ ಗಿಲ್ಜಾ ಚಿಕ್ಕಮ್ಮನ ಕರೆಗಳು. ಗಿಲ್ಜಾ ಮಾರುಕಟ್ಟೆಯಲ್ಲಿ ಪಕ್ಕದ ಮೀನಿನಂಗಡಿಯವಳು. ದಾನ್ಬಿಯನ್ನು ಎತ್ತಿ ಆಡಿಸಿದವಳು.

ಮಲ್ಸುನ್ ಆ ಬೆಳಗ್ಗೆ ಅಂಗಡಿಗೆ ಬಂದಿದ್ದಳು. ಆದರೆ ಬಾಗಿಲನ್ನು ಅರ್ಧಕ್ಕಷ್ಟೇ ಎತ್ತಿದ್ದಳು. ಕಾಯಿಲೆಯಿರಬೇಕೆಂದು ಗಿರಾಕಿಗಳು ವಾಪಸು ಹೋದರು. ಮೀನಿನ ಗಿರಾಕಿಗಳು ಕಡಿಮೆಯಾದ ಮೇಲೆ ಗಿಲ್ಜಾ ಬಗ್ಗಿ ಒಳಗೆ ನೋಡಿದಾಗ ಅವಳು ಒಲೆಯ ಪಕ್ಕ ಬಿದ್ದಿದ್ದಳು. ಮೈಯೆಲ್ಲ ಒದ್ದೆ, ಬಾಯಿ ಓರೆ. ಎಷ್ಟು ಹೊತ್ತಿನಿಂದ ಹಾಗಿದ್ದಳೋ ಯಾರಿಗೂ ಗೊತ್ತಿಲ್ಲ. ಬೆಳಗಿನ ಸೂಜಿ ಎಂದಿನಂತೆ ಚುಚ್ಚಿಕೊಂಡಿದ್ದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಮೊಕ್ಪೊದ ಆಸ್ಪತ್ರೆಯಲ್ಲಿ ವೈದ್ಯರು ದಾನ್ಬಿಯನ್ನು ಪಕ್ಕಕ್ಕೆ ಕರೆದು ವಿವರಿಸಿದರು. ರಕ್ತದಲ್ಲಿ ಸಕ್ಕರೆ ತೀರ ಇಳಿದು ಬಹಳ ಹೊತ್ತು ಹಾಗೆಯೇ ಇದ್ದುದರಿಂದ ಮಿದುಳಿಗೆ ಪೆಟ್ಟು ಬಿದ್ದಿದೆ, ಎಚ್ಚರವಾಗಬಹುದು, ಆದರೆ ಮೊದಲಿನ ಹಾಗೆ ಆಗುತ್ತಾರೆಂದು ಹೇಳಲಾರೆ ಎಂದರು. ಗಿಲ್ಜಾ ಬೆಂಚಿನ ಮೇಲೆ ಕೂತು ಮೀನಿನ ವಾಸನೆಯ ಕೈಗಳನ್ನು ತೊಡೆಗೆ ಉಜ್ಜುತ್ತಿದ್ದಳು. ಈ ವಾರವೆಲ್ಲ ಮಲ್ಸುನ್ ಸೊರಗಿದ್ದಳು, ನಡುವೆ ನಡುವೆ ಸಕ್ಕರೆ ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದಳು ಎಂದಳು. ಆಮೇಲೆ ತಡೆದು ತಡೆದು ಹೇಳಿದಳು.

"ಬಾರೇ ಊಟ ಮಾಡೋಣ ಅಂದ್ರೆ, ನನ್ ಮಗಳು ತಿಂದ್ಮೇಲೆ ಅಂತಿದ್ಲು. ತಮಾಷೆ ಅಂದ್ಕೊಂಡೆ ಕಣಮ್ಮ ನಾನು. ನಗ್ತಾ ಹೇಳ್ತಿದ್ಲು."

ಮಗಳನ್ನು ಹೆದರಿಸಲೆಂದು ಹೀಗೆ ಮಾಡಿದಳೋ, ಇಲ್ಲ ಮಗಳ ಹಸಿವು ಹೇಗಿರುತ್ತದೆಂದು ನೋಡಲು ಹೊರಟು ದಾರಿ ತಪ್ಪಿದಳೋ, ಅಥವಾ ಆ ತೊಳೆದ ಡಬ್ಬಿಗಳನ್ನು ಮನೆಗೆ ತಂದಮೇಲೆ ಅನ್ನವೇ ಇಳಿಯದಾಯಿತೋ, ಕೇಳಿ ತಿಳಿಯುವ ಹಾಗಿರಲಿಲ್ಲ. ಮಲ್ಸುನ್ ಕಣ್ಣು ತೆರೆದಳು. ಗಿಲ್ಜಾಳನ್ನು ಗುರುತಿಸಲಿಲ್ಲ. ದಾನ್ಬಿಯನ್ನು ನೋಡಿ ಮೆಲ್ಲಗೆ ನಕ್ಕು, "ನರ್ಸಮ್ಮ" ಎಂದಳು.

ದಾನ್ಬಿ ಕಾಲೇಜು ಬಿಟ್ಟು ತಾಯಿಯ ಬಳಿ ಉಳಿದಳು. ಮಲ್ಸುನ್ ಈಗ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದಳು. ಗಂಜಿಯ ಬಟ್ಟಲು ಕಂಡರೆ ಎರಡೂ ಕೈ ಚಾಚುತ್ತಿದ್ದಳು. ತನ್ನದು ಮುಗಿದ ಮೇಲೆ ಪಕ್ಕದ ಹಾಸಿಗೆಯವರ ತಟ್ಟೆಗೆ ಕೈ ಹಾಕಿ ಬೈಗುಳ ತಿನ್ನುತ್ತಿದ್ದಳು. ರುಚಿ ಅವಳಿಗೆ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಉಪ್ಪು ಹದ ಹೇಳಿಕೊಟ್ಟ ನಾಲಿಗೆ ಉಪ್ಪಿಲ್ಲದ ಗಂಜಿಯನ್ನು ಚಪ್ಪರಿಸುತ್ತಿತ್ತು. ತಿನ್ನಿಸುವ ಕೈ ಯಾರದೆಂದು ನೋಡುತ್ತಿರಲಿಲ್ಲ. ತಿನ್ನಿಸಿದವಳು ತಿಂದಳೋ ಇಲ್ಲವೋ ಎಂಬ ಯೋಚನೆ ಅವಳನ್ನು ಬಿಟ್ಟುಹೋಗಿತ್ತು.

ಅಮ್ಮನಿಗಾಗಿ ತಿನ್ನುತ್ತೇನೆ ಎಂದು ದಾನ್ಬಿ ದಿನವೂ ಆಸ್ಪತ್ರೆಯ ಊಟದ ಮನೆಯಲ್ಲಿ ತಟ್ಟೆಯ ಮುಂದೆ ಕೂರುತ್ತಿದ್ದಳು. ಇದು ನಾಟಕವಾಗಿರಲಿಲ್ಲ. ನಿಜವಾಗಿಯೂ ತಿನ್ನಬೇಕೆಂದಿತ್ತು. ಅನ್ನ ಬಾಯಿಯವರೆಗೆ ಹೋಗುತ್ತಿತ್ತು, ಮುಂದೆ ಇಳಿಯುತ್ತಿರಲಿಲ್ಲ. ಬಲವಂತದಿಂದ ನುಂಗಿದರೆ ವಾಂತಿಯಾಗಿ ಹೊರಗೆ ಬರುತ್ತಿತ್ತು. ಇಷ್ಟು ದಿನ ತನ್ನ ಹಿಡಿತದಲ್ಲಿದೆ ಎಂದುಕೊಂಡಿದ್ದ ಹಸಿವು ಎಂದೋ ಹಿಡಿತ ಬದಲಾಯಿಸಿತ್ತು. ಹಗ್ಗ ಈಗ ಅದರ ಕೈಯಲ್ಲಿತ್ತು.

ಒಂದು ಮಧ್ಯಾಹ್ನ ತಾಯಿಯ ಬಾಯಿ ಒರೆಸುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಸಂದರ್ಶನದಲ್ಲಿ ಆಯ್ಕೆಯಾಗಿದ್ದೀರಿ, ದೇಹ ಪರೀಕ್ಷೆಗೆ ಬನ್ನಿ. ಓದಿದ ಕೂಡಲೇ ಅವಳೊಳಗೆ ಸಂತೋಷ ಉಕ್ಕಿತು, ತಡೆಯಲಾಗದಂಥ ಸಂತೋಷ. ಅದರ ಬೆನ್ನಿಗೇ, ಪರೀಕ್ಷೆಯ ದಿನದವರೆಗೆ ಇನ್ನೂ ಸ್ವಲ್ಪ ಇಳಿಯಬಹುದು ಎಂಬ ಯೋಚನೆ ತಾನಾಗಿ ಬಂತು. ಅಮ್ಮ ಅವಳ ಕೈಯಲ್ಲಿದ್ದ ಬಟ್ಟೆಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ದಾನ್ಬಿಗೆ ತನ್ನ ಬಗ್ಗೆ ಎಂದೂ ಆಗಿರದಂಥ ಭಯವಾಯಿತು. ಬಟ್ಟೆ ಬಿಡಿಸಿ, ನೀರು ತರುತ್ತೇನೆಂದು ಎದ್ದು ಹೊರಗೆ ಬಂದಳು. ಮೊಗಸಾಲೆಯ ನೆಲ ಓರೆಯಾಯಿತು. ಗೋಡೆ ಹಿಡಿಯಲು ಹೋದ ಕೈಗೆ ಗೋಡೆ ಸಿಗಲಿಲ್ಲ.

ಎಚ್ಚರವಾದಾಗ ಅವಳು ಬೇರೆ ಮಹಡಿಯಲ್ಲಿ ಮಲಗಿದ್ದಳು. ಕಿಟಕಿಯಲ್ಲಿ ಸಂಜೆಯ ಬಂದರು ಮಂಕಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಸುರ್ಯೊನ್. ಗಿಲ್ಜಾ ಹೇಳಿ ಕಳಿಸಿದ್ದರಿಂದ ಗ್ವಾಂಗ್ಜುವಿನಿಂದ ಬಂದಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಆ ದಿನ ತಾನು ಫೋನು ಮಾಡದಿದ್ದರೆ ಅಮ್ಮ ಚೆನ್ನಾಗಿರುತ್ತಿದ್ದರೇನೋ ಎಂದು ಹೇಳಲು ಬಂದವಳು, ಗೆಳತಿಯ ಮುಖ ಕಂಡು ಆ ಮಾತನ್ನು ನುಂಗಿದ್ದಳು. ಹೃದಯ ಬಹಳ ಸೋತಿದೆ, ತಿಂಗಳುಗಟ್ಟಲೆ ಇಲ್ಲೇ ಇರಬೇಕಾಗುತ್ತದೆ ಎಂದು ವೈದ್ಯರು ಅವಳಿಗೆ ಹೇಳಿದ್ದರು. ಅಮ್ಮ ಹೇಗಿದ್ದಾಳೆಂದು ದಾನ್ಬಿ ಕೇಳಿದಳು. ಊಟ ಮಾಡಿ ಮಲಗಿದ್ದಾರೆ ಎಂದಳು ಸುರ್ಯೊನ್.

"ನನ್ನ ಕೇಳಿದ್ಲಾ?"

ಸುರ್ಯೊನ್ ಅವಳ ಕೈ ಹಿಡಿದುಕೊಂಡಳು. ಎಲುಬಿನ ಮೇಲೆ ಚರ್ಮವಷ್ಟೇ ಇದ್ದ ಕೈ. ಮೊಳಕೈಯ ಬಳಿ ಸೂಜಿ ಚುಚ್ಚಿ ಅಂಟುಪಟ್ಟಿ ಹಾಕಿದ್ದರು. ತಲೆಯ ಮೇಲೆ ತೂಗುಹಾಕಿದ್ದ ಚೀಲದಿಂದ ಸಕ್ಕರೆ ನೀರು ಹನಿಹನಿಯಾಗಿ ನಳಿಕೆಯಲ್ಲಿ ಇಳಿಯುತ್ತಿತ್ತು.

ದಾನ್ಬಿ ಅದನ್ನು ಬಹಳ ಹೊತ್ತು ನೋಡುತ್ತ ಮಲಗಿದ್ದಳು. ಅಮ್ಮನಿಗೆ ಆ ಬೆಳಗ್ಗೆ ಇದರಲ್ಲಿ ಒಂದು ಲೋಟದಷ್ಟು ಸಿಕ್ಕಿದ್ದರೆ ಸಾಕಾಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದೂ ಅವಳ ತಲೆ, ಈ ಚೀಲ ಪೂರ್ತಿ ಇಳಿದರೆ ಎಷ್ಟು ತೂಕ ಏರುತ್ತೇನೆ ಎಂದು ಲೆಕ್ಕ ಹಾಕುತ್ತಿತ್ತು. ನಿಲ್ಲಿಸು ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಲ್ಲಲಿಲ್ಲ. ಸುರ್ಯೊನ್ ಹಿಡಿದಿರದ ಇನ್ನೊಂದು ಕೈ ಹೊದಿಕೆಯ ಕೆಳಗೆ ಮೆಲ್ಲಗೆ ಸರಿಯುತ್ತ ನಳಿಕೆಯ ಕಡೆಗೆ ಹೋಗುತ್ತಿತ್ತು.